ಮುಂಬೈಯಿಂದ ಊರಿಗೆ: ರೈಲೋ, ಬಸ್ಸೋ, ವಿಮಾನವೋ, ಕಾರೋ?

ನಮ್ಮ ಭಾವ ಪ್ರತಿ ಸಲ ಹೇಳುವುದು ಒಂದೇ ಮಾತು. "ವಿಮಾನದಲ್ಲಿ ಒಂದೂವರೆ ಗಂಟೆ ಮಾರಾಯ, ನೀನು ಆ ರೈಲಲ್ಲಿ ಯಾಕೆ ರಾತ್ರಿಯಿಡೀ ಗಡಗಡ ಅಂತ ಹೋಗ್ತಿ?" ಸರಿ ಅಂತ ಒಂದು ಸಲ ಹೋದೆ. ಡೊಂಬಿವ್ಲಿ ಮನೆಯಿಂದ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿ ಸಾಲಲ್ಲಿ ನಿಂತು, ಬ್ಯಾಗು ಕೊಟ್ಟು, ಬೆಲ್ಟು ಬಿಚ್ಚಿ ಮತ್ತೆ ಕಟ್ಟಿ ಎರಡು ಗಂಟೆ, ಹಾರಾಟ ಒಂದೂವರೆ, ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಬ್ಯಾಗು ಬರುವವರೆಗೆ ಅರ್ಧ, ಆಮೇಲೆ ಟ್ಯಾಕ್ಸಿ ಹಿಡಿದು ಕುಂದಾಪುರದ ಮನೆ ಮುಟ್ಟಲು ಎರಡೂವರೆ. ಒಟ್ಟು ಎಂಟೂವರೆ ಗಂಟೆ, ಅದೂ ಹಗಲಿನ ಎಂಟೂವರೆ ಗಂಟೆ. ರೈಲಿಗೆ ಹದಿನಾಲ್ಕು ಹದಿನೈದು ಗಂಟೆ ಬೇಕು ನಿಜ, ಆದರೆ ಅದರಲ್ಲಿ ಏಳೆಂಟು ಗಂಟೆ ನಾನು ನಿದ್ದೆಯಲ್ಲೇ ಇರುತ್ತೇನೆ. ಭಾವನ ಮನೆ ಇರುವುದು ಕಾವೂರಲ್ಲಿ, ಬಜಪೆಗೆ ಹತ್ತಿರ. ಅವನ ಲೆಕ್ಕ ಅವನಿಗೆ ಸರಿ. ನನ್ನದು ಬೇರೆ.

ಹಾಗಾಗಿ ನಮ್ಮ ಕರಾವಳಿ ಕಡೆಯವರು ಯಾರಾದರೂ "ಊರಿಗೆ ಹೋಗೋಕೆ ಯಾವುದು ಒಳ್ಳೇದು" ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ನಿಮ್ಮ ಮನೆ ಎಲ್ಲಿ? ಮುಂಬೈಯಲ್ಲಿ ಎಲ್ಲಿ, ಊರಲ್ಲಿ ಎಲ್ಲಿ? ಆಮೇಲೆ, ಯಾವ ತಿಂಗಳು? ಮತ್ತೆ, ಕೈಯಲ್ಲಿ ಎಷ್ಟು ಗಂಟುಮೂಟೆ? ಇಷ್ಟು ಗೊತ್ತಾದರೆ ಟಿಕೆಟ್ ದರ ನೋಡುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ರೈಲು

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಕೊನೆಗೆ ಹತ್ತುವುದು ಇದನ್ನೇ.

ಕೊಂಕಣ ರೈಲ್ವೆ ಪೂರ್ತಿಯಾಗಿ ಶುರುವಾದದ್ದು 1998ರಲ್ಲಿ. ಮಹಾರಾಷ್ಟ್ರದ ರೋಹಾದಿಂದ ಸುರತ್ಕಲ್ ಆಚೆಯ ತೋಕೂರಿನವರೆಗೆ 741 ಕಿ.ಮೀ. ಅದಕ್ಕೂ ಮೊದಲು ನೇರ ರೈಲು ಅಂತ ಇರಲೇ ಇಲ್ಲ, ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ನಮ್ಮ ಅಪ್ಪನ ಕಾಲದವರು ಆ ಬಸ್ಸಿನ ಕಥೆಯನ್ನು ಯುದ್ಧದ ಕಥೆ ಹೇಳಿದ ಹಾಗೆ ಹೇಳುತ್ತಾರೆ.

ದಿನಾ ಓಡುವ ಗಾಡಿಗಳಲ್ಲಿ ನಮಗೆ ಮುಖ್ಯವಾದವು ಎರಡು. ಒಂದು ಮತ್ಸ್ಯಗಂಧ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಮೂರೂವರೆ ಆಸುಪಾಸಿಗೆ ಹೊರಟು, ಬೆಳಗಾಗುವ ಹೊತ್ತಿಗೆ ಕುಂದಾಪುರ, ಉಡುಪಿ ದಾಟಿ ಮಂಗಳೂರು ಸೆಂಟ್ರಲ್ ಸೇರುತ್ತದೆ. ಇನ್ನೊಂದು ಸಿಎಸ್‌ಎಂಟಿ, ಅಂದರೆ ಹಳೇ ವಿಟಿ ಸ್ಟೇಷನ್ನಿನಿಂದ ರಾತ್ರಿ ಹತ್ತರ ಸುಮಾರಿಗೆ ಹೊರಡುವ ಮಂಗಳೂರು ಎಕ್ಸ್‌ಪ್ರೆಸ್. ಇದು ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮಂಗಳೂರು ಜಂಕ್ಷನ್ ಮುಟ್ಟುತ್ತದೆ. ಎರಡೂ ಠಾಣೆ, ಪನ್ವೇಲ್‌ನಲ್ಲಿ ನಿಲ್ಲುತ್ತವೆ. ಹಾಗಾಗಿ ನವಿ ಮುಂಬೈಯವರು ಗಂಟುಮೂಟೆ ಹೊತ್ತು ಕುರ್ಲಾಕ್ಕೋ ವಿಟಿಗೋ ಹೋಗುವ ಅಗತ್ಯ ಇಲ್ಲ. (ಹೌದು, ನಾನಿನ್ನೂ ವಿಟಿ ಅಂತಲೇ ಹೇಳುವುದು.)

ಯಾವುದು ಯಾರಿಗೆ? ಆಫೀಸಿಗೆ ಅರ್ಧ ದಿನ ರಜೆ ಹಾಕುವ ಮನಸ್ಸಿಲ್ಲದವರಿಗೆ ರಾತ್ರಿಯ ಗಾಡಿ. ಕೆಲಸ ಮುಗಿಸಿ, ಮನೆಗೆ ಬಂದು, ಊಟ ಮಾಡಿ ಹತ್ತಬಹುದು. ಆದರೆ ಊರಿನ ದಿನದಲ್ಲಿ ಅರ್ಧ ಹೋಯಿತು, ಅಲ್ವಾ? ಮತ್ಸ್ಯಗಂಧದಲ್ಲಿ ಉಲ್ಟಾ. ಇಲ್ಲಿಯ ಅರ್ಧ ದಿನ ಹೋಗುತ್ತದೆ, ಆದರೆ ಬೆಳಿಗ್ಗೆ ಮನೆಯ ಹಂಡೆಯಲ್ಲಿ ಬಿಸಿನೀರು ಕಾಯುತ್ತಿರುತ್ತದೆ, ಮಿಂದು, ತಿಂಡಿ ತಿಂದು, ಮದುವೆ ಮನೆಗೆ ಹೋಗಬಹುದು. ಊರಲ್ಲಿ ಎರಡೇ ದಿನ ಇರುವವರು ಮತ್ಸ್ಯಗಂಧಕ್ಕೇ ಹೋಗಿ ಅಂತ ನಾನು ಹೇಳುತ್ತೇನೆ. ಇಳಿಯುವ ಜಾಗವನ್ನೂ ನೋಡಿಕೊಳ್ಳಿ. ಸೆಂಟ್ರಲ್ ಅಂದರೆ ಪೇಟೆ ನಡುವೆಯೇ, ಜಂಕ್ಷನ್ ಇರುವುದು ಪಡೀಲಿನಲ್ಲಿ. ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿ, ಬಸ್ ಸ್ಟ್ಯಾಂಡಿಗೆ ರಿಕ್ಷಾ ಬೇಕೇ ಬೇಕು. ಕುಂದಾಪುರದ್ದಂತೂ ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ದೂರ. ಕತ್ತಲಿರುವಾಗ ಇಳಿದರೆ ರಿಕ್ಷಾದವರು ಹೇಳಿದ್ದೇ ರೇಟು. ಮನೆಯಿಂದ ಯಾರಾದರೂ ಬೈಕು ತರುವುದಾದರೆ ಹಿಂದಿನ ದಿನವೇ ಹೇಳಿಡಿ.

ನೇತ್ರಾವತಿ ಎಕ್ಸ್‌ಪ್ರೆಸ್ ಕೂಡ ಇದೇ ದಾರಿಯಲ್ಲಿ ಕೇರಳಕ್ಕೆ ಹೋಗುತ್ತದೆ. ಹೆಸರು ನಮ್ಮ ಹೊಳೆಯದ್ದು, ಗಾಡಿ ಮಾತ್ರ ನಮ್ಮದಲ್ಲ. ಮುಂಬೈಯಿಂದ ಬೆಳಿಗ್ಗೆಯೇ ಹೊರಡುವುದರಿಂದ ನಮ್ಮ ಊರುಗಳಿಗೆ ಬರುವುದು ನಡುರಾತ್ರಿ. ಬೇರೆ ಯಾವುದರಲ್ಲೂ ಸೀಟು ಇಲ್ಲದಿದ್ದರೆ ಮಾತ್ರ ನೋಡಿ.

ಇನ್ನು ಟಿಕೆಟ್. ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಮೇ ತಿಂಗಳ ಮೊದಲ ವಾರಕ್ಕೆ ಬೇಕಾದರೆ ಮಾರ್ಚ್ ಮೊದಲಲ್ಲೇ ಎಂಟಕ್ಕೆ ಐದು ನಿಮಿಷ ಇರುವಾಗ ಫೋನು ಹಿಡಿದು ಕೂತಿರಬೇಕು. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. 2025ರ ಜುಲೈಯಿಂದ ಆಧಾರ್ ಜೋಡಿಸದ ಖಾತೆಯಲ್ಲಿ ಆನ್‌ಲೈನ್ ತತ್ಕಾಲ್ ಆಗುವುದಿಲ್ಲ. ಇದನ್ನು ಮುಂಚೆಯೇ ಮಾಡಿಟ್ಟುಕೊಳ್ಳಿ, ಹತ್ತು ಗಂಟೆಗೆ ಒಟಿಪಿ ಕಾಯುತ್ತಾ ಕೂತರೆ ಸೀಟು ಹೋಗಿಯೇ ಹೋಗುತ್ತದೆ.

ಒಂದು ಸಣ್ಣ ಉಪಾಯ. ಪನ್ವೇಲ್‌ನಿಂದ ಹತ್ತುವವರು ಪನ್ವೇಲ್‌ನಿಂದಲೇ ಟಿಕೆಟ್ ಹುಡುಕಿ, ವೇಟಿಂಗ್ ಲಿಸ್ಟ್ ಕಂಡು ಕೈಬಿಡುತ್ತಾರೆ. ಒಮ್ಮೆ ಗಾಡಿ ಹೊರಡುವ ನಿಲ್ದಾಣದಿಂದಲೂ ಹುಡುಕಿ, ಬೋರ್ಡಿಂಗ್ ಮಾತ್ರ ಪನ್ವೇಲ್ ಅಂತ ಕೊಡಿ. ಅಲ್ಲಿಯ ಕೋಟಾ ಬೇರೆ, ದೊಡ್ಡದು. ದುಡ್ಡು ಒಂದಿಷ್ಟು ಜಾಸ್ತಿಯಾದರೂ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ. ಮತ್ತೆ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದುಕೊಂಡು ಟಿಟಿಯವರ ಹತ್ತಿರ ಮಾತಾಡಿಕೊಳ್ಳೋಣ ಅನ್ನುವ ಹಳೇ ಧೈರ್ಯ ಬೇಡ. ಆನ್‌ಲೈನ್ ಟಿಕೆಟ್ ಕನ್ಫರ್ಮ್ ಆಗದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಆರ್‌ಎಸಿ ಆದರೆ ಹತ್ತಬಹುದು, ಆದರೆ ಇಡೀ ರಾತ್ರಿ ಒಂದೇ ಬರ್ತಿನಲ್ಲಿ ಗುರುತಿಲ್ಲದವರ ಕಾಲಿನ ಪಕ್ಕ ತಲೆ ಇಟ್ಟು ಮಲಗಲು ತಯಾರಿರಬೇಕು.

ಖರ್ಚು ನೋಡಿದರೆ ಸ್ಲೀಪರ್ ಸಾವಿರದೊಳಗೆ, ತ್ರೀ ಟಯರ್ ಎಸಿ ಎರಡು ಸಾವಿರದೊಳಗೆ. ಇಷ್ಟೇ ಕಿ.ಮೀ.ಗೆ ಬೇರೆ ಕಡೆ ಇನ್ನೂ ಅಗ್ಗ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು. ಕೊಂಕಣ ರೈಲ್ವೆಯಲ್ಲಿ ದರಕ್ಕೆ ಹಿಡಿಯುವ ದೂರ ನಿಜವಾದ ದೂರಕ್ಕಿಂತ ಜಾಸ್ತಿ, ಸಾಲ ಮಾಡಿ ಕಟ್ಟಿದ ದುಬಾರಿ ದಾರಿ ಅದು. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಆದರೂ ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗುವವರಿಗೆ ರೈಲೇ ಸರಿ. ಕೆಳಗಿನ ಬರ್ತ್ ಕೋಟಾ ಇದೆ, ಕಾಲು ಚಾಚಬಹುದು, ಎಲ್ಲಕ್ಕಿಂತ ಮುಖ್ಯ, ಬೇಕಾದಾಗ ಶೌಚಾಲಯಕ್ಕೆ ಹೋಗಬಹುದು. ಬಸ್ಸಿನಲ್ಲಿ ಸಕ್ಕರೆ ಕಾಯಿಲೆಯವರ ಪಾಡು ಕೇಳಿ ನೋಡಿ.

ಈಗ ಮಳೆಗಾಲದ ವಿಷಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಬೇರೆಯೇ ವೇಳಾಪಟ್ಟಿ ಇರುತ್ತದೆ. ಗಾಡಿಗಳು ನಿಧಾನ, ಕೆಲವು ಹೊರಡುವ ಸಮಯವೇ ಬೇರೆ. ವಾಪಸ್ ಬರುವ ಮತ್ಸ್ಯಗಂಧ ಮಳೆಗಾಲದಲ್ಲಿ ಮಂಗಳೂರಿನಿಂದ ಬೇಗ ಹೊರಡುತ್ತದೆ, ಇದು ಗೊತ್ತಿಲ್ಲದೆ ಹಳೇ ಸಮಯಕ್ಕೆ ಸ್ಟೇಷನ್ನಿಗೆ ಹೋಗಿ ಖಾಲಿ ಪ್ಲಾಟ್‌ಫಾರ್ಮ್ ನೋಡಿ ಬಂದವರು ನಮ್ಮ ಮನೆಯಲ್ಲೇ ಇದ್ದಾರೆ. 2003 ಮತ್ತು 2004ರ ಮಳೆಗಾಲದಲ್ಲಿ ಎರಡು ದೊಡ್ಡ ಅಪಘಾತ ಆದವು, ಎರಡನೆಯದು ಮತ್ಸ್ಯಗಂಧವೇ. ಗುಡ್ಡದಿಂದ ಬಂಡೆ ಹಳಿಗೆ ಬಿದ್ದು ಆದದ್ದು. ಈಗ ಜೋರು ಮಳೆಯಲ್ಲಿ ಗಂಟೆಗೆ 40 ಕಿ.ಮೀ.ಗಿಂತ ಜೋರಾಗಿ ಓಡಿಸುವುದಿಲ್ಲ. ಮೇಲಾಗಿ ಹೆಚ್ಚಿನ ದಾರಿ ಒಂಟಿ ಹಳಿ. ಒಂದು ಗಾಡಿ ತಡವಾದರೆ ಎದುರಿನಿಂದ ಬರುವುದೂ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕಾದು ನಿಲ್ಲಬೇಕು. 2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ಗಾಡಿಗಳೇ ನಿಂತವು. ಹಾಗಾಗಿ ಜುಲೈಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಮುಹೂರ್ತಕ್ಕೆ ಅದೇ ದಿನ ಬೆಳಿಗ್ಗೆ ಇಳಿಯುವ ರೈಲು ನಂಬಬೇಡಿ, ಒಂದು ದಿನ ಮುಂಚೆ ಹೋಗಿ.

ಆದರೆ ನೋಡಲು ಚಂದ ಬೇಕೆಂದರೆ ಅದೂ ಮಳೆಗಾಲವೇ. ಇದರ ಕಷ್ಟ ಏನೆಂದರೆ ನಮ್ಮ ಎರಡೂ ಗಾಡಿ ಒಳ್ಳೊಳ್ಳೆ ಜಾಗಗಳನ್ನು ಕತ್ತಲಲ್ಲೇ ದಾಟುತ್ತವೆ. ರಾತ್ರಿಯ ಗಾಡಿ ಹಿಡಿದರೆ ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಸೇತುವೆಗಳಾದರೂ ಬೆಳಕಲ್ಲಿ ಸಿಗುತ್ತವೆ. ಶರಾವತಿಯದ್ದು ಎರಡು ಕಿ.ಮೀ.ಗೂ ಉದ್ದ, ಬಾಗಿಲ ಹತ್ತಿರ ನಿಂತು ನೋಡುತ್ತಾ ಹೋದರೆ ಮುಗಿಯುವುದೇ ಇಲ್ಲ ಅನಿಸುತ್ತದೆ.

ಪೂರ್ತಿ ಹಗಲಲ್ಲೇ ಹೋಗಬೇಕು ಅನ್ನುವವರಿಗೆ ಈಗ ಇನ್ನೊಂದು ದಾರಿ ಇದೆ. 2023ರಲ್ಲಿ ಮುಂಬೈ–ಮಡಗಾಂವ್ ಮತ್ತು ಮಂಗಳೂರು–ಮಡಗಾಂವ್ ಎರಡೂ ವಂದೇ ಭಾರತ್ ಶುರುವಾದವು. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಊರಿನಿಂದ ಮುಂಬೈಗೆ ಬರುವಾಗ ಇದು ಸರಿಯಾಗಿ ಕೂಡುತ್ತದೆ. ಬೆಳಿಗ್ಗೆ ಎಂಟೂವರೆಗೆ ಮಂಗಳೂರು ಬಿಟ್ಟರೆ ಒಂದು ಗಂಟೆ ದಾಟುವಾಗ ಮಡಗಾಂವ್, ಅಲ್ಲಿ ಊಟ ಮಾಡಿ ಎರಡೂಮುಕ್ಕಾಲರ ಹೊತ್ತಿಗೆ ಮುಂಬೈ ಗಾಡಿ ಹತ್ತಿದರೆ ರಾತ್ರಿ ಹತ್ತೂವರೆ ಒಳಗೆ ಸಿಎಸ್‌ಎಂಟಿ. ಹೋಗುವಾಗ ಮಾತ್ರ ಬೇಡ. ಮಡಗಾಂವ್‌ನಲ್ಲಿ ಐದು ಗಂಟೆ ಕಾಯಬೇಕು, ಮಂಗಳೂರು ಮುಟ್ಟುವಾಗ ರಾತ್ರಿ ಹನ್ನೊಂದರ ಹತ್ತಿರ. ಎರಡೂ ಗಾಡಿಗಳಿಗೆ ವಾರದಲ್ಲಿ ಒಂದೊಂದು ದಿನ ರಜೆ, ಅದೂ ಬೇರೆ ಬೇರೆ ದಿನ. ಮಂಗಳೂರಿನದು ನಡುವೆ ಉಡುಪಿ, ಕಾರವಾರ ಬಿಟ್ಟರೆ ಎಲ್ಲೂ ನಿಲ್ಲುವುದಿಲ್ಲ. ಎರಡು ಬೇರೆ ಟಿಕೆಟ್ ಆದ್ದರಿಂದ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅದು ನಿಮ್ಮ ತಲೆನೋವು. ದುಡ್ಡೂ ಜಾಸ್ತಿ. ಆದರೆ ಒಮ್ಮೆ ಮಾಡಿ ನೋಡುವ ಹಾಗಿದೆ, ಮಕ್ಕಳಿಗಂತೂ ಹಬ್ಬ.

ಬಸ್ಸು

ಬಸ್ಸನ್ನು ಬೈಯುವವರೇ ಜಾಸ್ತಿ, ಆದರೂ ಪ್ರತಿ ಸಂಜೆ ಸಾಯನ್, ಚೆಂಬೂರು, ಠಾಣೆ ಕಡೆಯಿಂದ ನಮ್ಮ ಊರಿನ ಬಸ್ಸುಗಳು ತುಂಬಿಯೇ ಹೊರಡುತ್ತವೆ. ಕಾರಣ ಸರಳ. ನಾಳೆ ಹೋಗಬೇಕು ಅಂತ ಇವತ್ತು ಗೊತ್ತಾದರೆ ರೈಲಲ್ಲಿ ಜಾಗ ಇರುವುದಿಲ್ಲ, ಬಸ್ಸಲ್ಲಿ ಇರುತ್ತದೆ. ಸಾವಿನ ಸುದ್ದಿ ಅರವತ್ತು ದಿನ ಮುಂಚೆ ಹೇಳಿ ಬರುವುದಿಲ್ಲವಲ್ಲ.

ಎರಡನೆಯದು, ಹೆದ್ದಾರಿ ಬದಿಯ ಊರಾದರೆ ಮನೆ ಹತ್ತಿರದ ಕ್ರಾಸಿನಲ್ಲೇ ಇಳಿಸುತ್ತಾರೆ. ಬ್ರಹ್ಮಾವರ, ಸಾಲಿಗ್ರಾಮ, ತಲ್ಲೂರು, ಎಲ್ಲಿ ಹೇಳಿದರೂ ಸರಿ. "ಆ ಪೆಟ್ರೋಲ್ ಪಂಪ್ ದಾಟಿ ಒಂದು ಆಲದ ಮರ ಇದೆಯಲ್ಲ, ಅಲ್ಲಿ ನಿಲ್ಲಿಸಿ ಅಣ್ಣಾ" ಅಂದರೆ ನಿಲ್ಲಿಸುತ್ತಾರೆ. ಮೂರನೆಯದು ಲಗೇಜು. ಡಿಕ್ಕಿಯಲ್ಲಿ ಮಿಕ್ಸಿ, ಮಡಚಿದ ಮಂಚ, ವಾಪಸ್ ಬರುವಾಗ ಕುಚ್ಚಲಕ್ಕಿ ಮೂಟೆ, ಎಲ್ಲವೂ ಹೋಗುತ್ತದೆ. ನೀವೇ ಹೋಗಬೇಕೆಂದೂ ಇಲ್ಲ, ಪಾರ್ಸೆಲ್ ಮಾತ್ರ ಹಾಕಿದರೂ ಆಯಿತು.

ಹೆಚ್ಚಿನವು ಕರಾವಳಿ ದಾರಿಯಲ್ಲಿ ಹೋಗುವುದಿಲ್ಲ. ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಆಮೇಲೆ ಕರಾವಳಿ. ಒಳ್ಳೆ ದಿನ ಹದಿನಾರು ಹದಿನೇಳು ಗಂಟೆ, ಕೆಟ್ಟ ದಿನ ಇಪ್ಪತ್ತು. ನಾನು ಹೋದ ಒಂದು ಖಾಸಗಿ ಸ್ಲೀಪರ್ ಬಸ್ಸಿನ ಎಸಿ ಸಾತಾರಾ ದಾಟಿದ ಮೇಲೆ ಕೈಕೊಟ್ಟಿತು. ಕಿಟಕಿ ತೆರೆಯುವ ಹಾಗಿಲ್ಲ, ಮೇಲಿನ ಬರ್ತಿನಲ್ಲಿ ಇಡ್ಲಿ ಬೆಂದ ಹಾಗೆ ಬೆಂದು ಬೆಳಗಾವಿಗೆ ಬಂದೆವು. ಅಂದಿನಿಂದ ಚಳಿಗಾಲ ಬಿಟ್ಟರೆ ಕೆಳಗಿನ ಬರ್ತೇ ನನಗೆ. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರು ಹಿಂದಿನ ಬರ್ತ್ ತೆಗೆದುಕೊಳ್ಳಬೇಡಿ, ರಾತ್ರಿ ಊಟಕ್ಕೆ ನಿಲ್ಲಿಸಿದ ಢಾಬಾದಲ್ಲಿ ಹೊಟ್ಟೆ ತುಂಬಾ ತಿನ್ನಲೂ ಬೇಡಿ.

ಶಿರಸಿ, ಯಲ್ಲಾಪುರ, ಸಿದ್ದಾಪುರ ಕಡೆಯ ಘಟ್ಟದ ಮೇಲಿನವರಿಗೆ ರೈಲಿನ ಚರ್ಚೆಯೇ ಬೇಡ. ಕರಾವಳಿಗೆ ಇಳಿದು ಮತ್ತೆ ಘಟ್ಟ ಹತ್ತುವುದಕ್ಕಿಂತ ಹುಬ್ಬಳ್ಳಿವರೆಗೆ ಬಸ್ಸಲ್ಲಿ ಬಂದು ಮುಂದೆ ಹೋಗುವುದೇ ಸಲೀಸು.

ವಿಮಾನ

ಮೇಲೆ ಹೇಳಿದ್ದೇ. ಅಂಧೇರಿ, ಬಾಂದ್ರಾ ಕಡೆ ಇದ್ದು, ಮಂಗಳೂರು ಪೇಟೆ, ಮೂಡುಬಿದಿರೆ, ಬಂಟ್ವಾಳ ಕಡೆ ಹೋಗುವವರಿಗೆ ಲಾಭ. ಉಡುಪಿ ಬಜಪೆಯಿಂದ ಸುಮಾರು 60 ಕಿ.ಮೀ., ಅಲ್ಲಿಯವರೆಗೆ ಯೋಚಿಸಬಹುದು. ಕುಂದಾಪುರ ದಾಟಿದರೆ ಟ್ಯಾಕ್ಸಿ ಬಾಡಿಗೆಯೇ ರೈಲಿನ ಎಸಿ ಟಿಕೆಟ್ಟಿಗಿಂತ ಜಾಸ್ತಿ. ಕಾರವಾರ, ಅಂಕೋಲಾದವರು ಗೋವಾಕ್ಕೆ ಹಾರುವುದಾದರೆ ದಾಬೋಲಿಂ ನಿಲ್ದಾಣ ಅಂತ ನೋಡಿಯೇ ಬುಕ್ ಮಾಡಿ. ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ, ಅಗ್ಗದ ಟಿಕೆಟ್ ಅಂತ ಅದಕ್ಕೆ ಹೋದರೆ ಇಡೀ ಗೋವಾ ದಾಟಿ ಬರಬೇಕು. ಪನ್ವೇಲ್, ಖಾರ್‌ಘರ್ ಕಡೆಯವರಿಗೆ 2025ರ ಡಿಸೆಂಬರ್‌ನಲ್ಲಿ ಹಾರಾಟ ಶುರುವಾದ ನವಿ ಮುಂಬೈ ನಿಲ್ದಾಣ ಇದೆ. ನಿಮ್ಮ ದಿನಕ್ಕೆ ಅಲ್ಲಿಂದ ಮಂಗಳೂರಿಗೆ ವಿಮಾನ ಇದ್ದರೆ ಲೆಕ್ಕವೇ ಬದಲಾಗುತ್ತದೆ.

ದರ ಮೂರು ನಾಲ್ಕು ಸಾವಿರದಿಂದ ಶುರು, ಹಬ್ಬ ಮತ್ತು ಮೇ ತಿಂಗಳಲ್ಲಿ ಅದರ ಎರಡು ಮೂರು ಪಟ್ಟು. ನಾಲ್ಕು ಜನರ ಸಂಸಾರಕ್ಕೆ ಗುಣಿಸಿ ನೋಡಿ, ಆಮೇಲೆ ಮಾತಾಡೋಣ. ಒಬ್ಬರೇ ಹೋಗುವವರು, ಒಂದೇ ದಿನದ ಕೆಲಸ, ಕೈಯಲ್ಲಿ ಒಂದೇ ಬ್ಯಾಗು, ಅಂಥವರಿಗೆ ಮಾತ್ರ ಕಣ್ಣು ಮುಚ್ಚಿ ವಿಮಾನ ಅನ್ನುತ್ತೇನೆ.

ಕಾರು

ನಾಲ್ಕು ಜನ, ಇಬ್ಬರಿಗೆ ಡ್ರೈವಿಂಗ್ ಬರುತ್ತದೆ, ಊರಲ್ಲಿ ಹತ್ತು ದಿನ ಸುತ್ತಾಟ ಇದೆ ಅಂದರೆ ಕಾರು. ಇಲ್ಲವಾದರೆ ಸುಮ್ನೆ ಸುಸ್ತು. ಒಂಬೈನೂರು ಕಿ.ಮೀ.ಗೂ ಮೇಲಿನ ದಾರಿ, ಲೀಟರಿಗೆ 15 ಕಿ.ಮೀ. ಅಂತ ಹಿಡಿದರೂ ಒಂದು ಕಡೆಗೆ ಪೆಟ್ರೋಲೇ ಆರು ಸಾವಿರ ದಾಟುತ್ತದೆ. ಮೇಲೆ ಟೋಲು. ಫಾಸ್ಟ್ಯಾಗ್ ವಾರ್ಷಿಕ ಪಾಸ್ 3,000 ರೂಪಾಯಿಗೆ 200 ಸಲ ಅಂತ 2025ರ ಆಗಸ್ಟ್‌ನಲ್ಲಿ ಬಂತು, ಹೆದ್ದಾರಿ ಟೋಲುಗಳಿಗೆ ಇದು ಚೆನ್ನಾಗಿದೆ, ಆದರೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನಡೆಯುವುದಿಲ್ಲ. ಅಲ್ಲಿ ಬೇರೆಯೇ ಕೊಡಬೇಕು.

ದಾರಿ ಯಾವುದು ಅನ್ನುವುದರಲ್ಲಿ ಮನೆಮನೆಯಲ್ಲೂ ಜಗಳ. ನಕ್ಷೆಯಲ್ಲಿ ನೋಡಿದರೆ 66ನೇ ಹೆದ್ದಾರಿ, ಅಂದರೆ ಪನ್ವೇಲ್, ಮಹಾಡ್, ಚಿಪ್ಳೂಣ್, ಸಾವಂತವಾಡಿ, ಗೋವಾ, ಕಾರವಾರ, ನೇರ ಕಾಣುತ್ತದೆ. ಆದರೆ ಮಹಾರಾಷ್ಟ್ರದ ಕಡೆಯ ಅಗಲೀಕರಣ ವರ್ಷಗಟ್ಟಲೆ ಎಳೆದಿದೆ, ಪನ್ವೇಲ್‌ನಿಂದ ಮುಂದಿನ ಹೊಂಡಗಳು ಪೇಪರಿಗೆ ಪ್ರತಿ ಮಳೆಗಾಲದ ಸುದ್ದಿ. ನಾನು ಪುಣೆ–ಕೊಲ್ಹಾಪುರ ದಾರಿಯವನು. ನಾಲ್ಕಾರು ಪಥದ ರಸ್ತೆ, ನಿಪ್ಪಾಣಿ ಬಂದ ಕೂಡಲೇ ಕನ್ನಡ ಬೋರ್ಡು, ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು ಹೋಗಬಹುದು. ಬೆಳಿಗ್ಗೆ ನಾಲ್ಕಕ್ಕೆ ಹೊರಟು ಮಧ್ಯಾಹ್ನದ ಊಟ ಬೆಳಗಾವಿಯಲ್ಲಿ ಆಗಬೇಕು, ಆಗದಿದ್ದರೆ ಹುಬ್ಬಳ್ಳಿಯಲ್ಲಿ ಉಳಿದುಬಿಡಿ. ಕತ್ತಲಲ್ಲಿ, ಅದೂ ಮಳೆಯಲ್ಲಿ, ಅರಬೈಲು ಇಳಿಯುವುದು ಬೇಡ. ಲಾರಿಗಳ ಸಾಲು, ಮಂಜು, ಎದುರಿನ ಲೈಟು ಬಿಟ್ಟರೆ ಏನೂ ಕಾಣುವುದಿಲ್ಲ.

ಮತ್ತೆ 2024 ಮರೆಯಬೇಡಿ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಶಿರೂರು ಅಂಕೋಲಾದಿಂದ ದಕ್ಷಿಣಕ್ಕೆ, ಹಾಗಾಗಿ ಅರಬೈಲು ಇಳಿದು ಬಂದವರೂ ಅಲ್ಲಿ ಸಿಕ್ಕಿಕೊಳ್ಳುವವರೇ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮೊದಲು ಊರಿನವರಿಗೆ ಒಂದು ಫೋನು ಮಾಡಿ ರಸ್ತೆ ಕೇಳಿ. ನಕ್ಷೆಯ ನೀಲಿ ಗೆರೆಗಿಂತ ಕುಮಟಾದ ಅಂಗಡಿಯವರಿಗೆ ಬೇಗ ಗೊತ್ತಾಗುತ್ತದೆ.

ಕಾರನ್ನು ರೈಲಿನ ಮೇಲೇರಿಸಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಕ್ಕೆ ಸಾಗಿಸುವ ಸೇವೆಯನ್ನೂ ಕೊಂಕಣ ರೈಲ್ವೆ 2025ರ ಗಣಪತಿ ಹೊತ್ತಿಗೆ ಶುರು ಮಾಡಿತು. ಲಾರಿಗಳನ್ನು ಹೀಗೆ ಸಾಗಿಸುವುದು 1999ರಿಂದಲೇ ಇದೆ. ನಮಗೆ ಇದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಕೋಲಾಡ್‌ವರೆಗೆ ಹೋಗುವುದರಲ್ಲೇ ಕೆಟ್ಟ ರಸ್ತೆಯ ಒಂದು ಭಾಗ ಮುಗಿದಿರುತ್ತದೆ, ಗೋವಾದಿಂದ ಮತ್ತೆ ಓಡಿಸಬೇಕು.

ವಾಪಸ್ ಬರುವಾಗ

ಹೋಗುವ ಟಿಕೆಟ್ ಬಗ್ಗೆ ಇಷ್ಟೆಲ್ಲ ಯೋಚಿಸಿ ವಾಪಸ್ಸಿನದ್ದನ್ನು ಮರೆಯುವವರೇ ಜಾಸ್ತಿ. ಹೋಗುವಾಗ ನಿಮ್ಮ ಕೈಯಲ್ಲಿ ಎರಡು ಬ್ಯಾಗು. ಬರುವಾಗ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನಕಾಯಿ, ಕುಚ್ಚಲಕ್ಕಿ, ಚಿಕ್ಕಮ್ಮ ಕೊಟ್ಟ ಕೆಸುವಿನ ಗೆಡ್ಡೆ. ವಿಮಾನದಲ್ಲಿ ಕೆಳಗೆ 15 ಕಿಲೋ, ಕೈಯಲ್ಲಿ 7. ಒಣ ಕೊಬ್ಬರಿಯನ್ನಂತೂ ಬಿಡುವುದೇ ಇಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುತ್ತದೆ ಅಂತ. ಬಜಪೆಯಲ್ಲಿ ಬ್ಯಾಗು ಬಿಚ್ಚಿ ಕೊಬ್ಬರಿ ಹೊರಗೆ ತೆಗೆದಿಟ್ಟು ಸಪ್ಪೆ ಮುಖ ಮಾಡಿ ನಿಂತವರನ್ನು ನಾನೇ ನೋಡಿದ್ದೇನೆ, ಅವರಲ್ಲಿ ಒಬ್ಬರು ನಮ್ಮ ಭಾವ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ. ಹೋಗುವಾಗ ಮತ್ಸ್ಯಗಂಧ, ಬರುವಾಗಲೂ ಅದೇ, ಎರಡೂ ಕಡೆಯ ಟಿಕೆಟ್ಟಿಗೆ ಎರಡು ಬೇರೆ ಬೇರೆ ದಿನ ಬೆಳಿಗ್ಗೆ ಎಂಟಕ್ಕೆ ಏಳುವುದು. ಅಕ್ಕಿ ಮೂಟೆ ಮತ್ತು ತೆಂಗಿನಕಾಯಿ ನಮಗಿಂತ ಒಂದು ದಿನ ಮುಂಚೆ ಬಸ್ಸಿನಲ್ಲಿ ಹೊರಡುತ್ತವೆ, ಠಾಣೆಯಲ್ಲಿ ಅಣ್ಣನ ಮಗ ಇಳಿಸಿಕೊಳ್ಳುತ್ತಾನೆ. ಅವನಿಗೆ ಕೂಲಿ ಎರಡು ಕಾಯಿ, ಒಂದು ಕಟ್ಟು ಹಪ್ಪಳ.